ಉಸುಕಿಗೆ ಇಳಿಯುವ ಮೊದಲು ಗಾಳಿ ಇಳಿಸಿ

ಪ್ರಶ್ನೆ: ಡಿಸೆಂಬರಿನಲ್ಲಿ ಮೂವರು ಗೆಳೆಯರು ಒಂದೇ ಜಿಮ್ನಿ ಜೀಪಿನಲ್ಲಿ ಜೈಸಲ್ಮೇರ್‌ಗೆ ಹೊರಟಿದ್ದೇವೆ. ಖುರಿ ಕಡೆಯ ಮರಳು ದಿಬ್ಬಗಳಲ್ಲಿ ಓಡಿಸುವ ಆಸೆ. 60 ಸಾವಿರ ಎತ್ತಿಟ್ಟಿದ್ದೇವೆ. ಅಗಲ ಟೈರ್ ಹಾಕಿಸೋಣವೇ, ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಕೂಡಿಸೋಣವೇ?
– ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಎರಡೂ ಬೇಡ. ವಿಂಚಿನ ಹಗ್ಗ ಸುತ್ತಲು ಗಟ್ಟಿ ಮರ ಬೇಕು, ದಿಬ್ಬದ ನಡುವೆ ಅದೆಲ್ಲಿ ಸಿಗಬೇಕು? ಮೇಲಾಗಿ ಅದರ ಭಾರವೆಲ್ಲ ಮುಂದಿನ ಗಾಲಿಗಳ ಮೇಲೆ ಬಿದ್ದು ಗಾಡಿಯ ಮೂತಿಯೇ ಮೊದಲು ಹುಗಿಯುತ್ತದೆ.

ಉಸುಕಿನ ಮೇಲೆ ಗಾಡಿಯನ್ನು ತೇಲಿಸುವುದು ಟೈರಿನ ಗಾಳಿ. ಅನುಮಾನವಿದ್ದರೆ ಅಂಗಳದ ಸಿಮೆಂಟ್ ನೆಲದಲ್ಲಿ ಟೈರ್ ಕೂತ ಜಾಗದ ಸುತ್ತ ರಂಗೋಲಿ ಪುಡಿ ಉದುರಿಸಿ, ಜಾಕ್ ಕೊಟ್ಟು ಗಾಲಿ ಎತ್ತಿ. ಪುಡಿ ಬೀಳದೆ ಉಳಿದದ್ದೇ ಟೈರಿನ ಹೆಜ್ಜೆ. ಮಾಮೂಲಿ ಗಾಳಿಯಲ್ಲೊಮ್ಮೆ, ಗಾಳಿಯ ಒತ್ತಡ 15 ಪಿಎಸ್‌ಐಗೆ ಇಳಿಸಿ ಇನ್ನೊಮ್ಮೆ ಅಳೆಯಿರಿ. ಹೆಜ್ಜೆ ಅಗಲಕ್ಕಿಂತ ಉದ್ದಕ್ಕೇ ಹೆಚ್ಚು ಬೆಳೆದಿರುತ್ತದೆ. ಅಗಲ ಟೈರಿಗೆ ದುಡ್ಡು ಸುರಿಯುವುದು ಯಾಕೆ ಬೇಡ ಎಂಬುದಕ್ಕೆ ಅದೇ ಉತ್ತರ.

ಗಟ್ಟಿ ಉಸುಕಿನ ಜಾಡಿಗೆ 18ರಿಂದ 20 ಪಿಎಸ್‌ಐ, ಸಡಿಲ ದಿಬ್ಬಕ್ಕೆ 15. ಹುಗಿದಾಗ ಹೊರಬರಲು ಮಾತ್ರ 12. ಅಷ್ಟಕ್ಕಿಳಿಸಿ ಸ್ಟೀರಿಂಗ್ ಜೋರಾಗಿ ತಿರುವಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚೀತು. ಗಾಳಿ ಇಳಿಸಿದಾಗ ವೇಗ 40 ದಾಟಬಾರದು. ಡಾಂಬರು ಮುಟ್ಟಿದ ಕೂಡಲೇ ತುಂಬಿಸಿ. ಇಲ್ಲವಾದರೆ ಟೈರಿನ ಪಕ್ಕೆ ಬಾಗಿ ಬಾಗಿ ಕಾಯ್ದು ಒಡೆಯುತ್ತದೆ.

ಹೀಗಾಗಿ ಮೊದಲ ಖರ್ಚು ಬ್ಯಾಟರಿಗೇ ಕ್ಲಿಪ್ ಹಾಕುವ 12 ವೋಲ್ಟಿನ ಕಂಪ್ರೆಸರ್ ಮತ್ತು ಒಳ್ಳೆಯ ಗೇಜ್. ಲೈಟರ್ ಸಾಕೆಟ್ಟಿಗೆ ದೊಡ್ಡ ಕಂಪ್ರೆಸರ್ ಚುಚ್ಚಿದರೆ ಫ್ಯೂಸ್ ಹೋಗುತ್ತದೆ. ಉದ್ದ ಹಿಡಿಕೆಯ ಸಲಿಕೆ, ಹುಗಿದ ಗಾಲಿಗೆ ಹಿಡಿತ ಕೊಡುವ ಎರಡು ಟ್ರ್ಯಾಕ್ಷನ್ ಹಲಗೆ, ಜಾಕ್ ಹುಗಿಯದಂತೆ ಅಡಿಗಿಡಲು 18 ಮಿ.ಮೀ. ಪ್ಲೈವುಡ್ಡಿನ ಒಂದಡಿ ಚೌಕ. ಉಳಿದ ಹಣವನ್ನು ಎರಡನೇ ಗಾಡಿಯ ಇಂಧನಕ್ಕಿಡಿ. ನಿಮ್ಮ ಯೋಜನೆಯಲ್ಲಿ ನಮಗೆ ಹೆದರಿಕೆ ತರುವುದು 'ಒಂದೇ ಜಿಮ್ನಿ' ಎಂಬ ಮಾತು; ಅದು ಹುಗಿದರೆ ಎಳೆಯಲು ಇನ್ನೊಂದಿರುವುದಿಲ್ಲ.

ಪ್ರಶ್ನೆ: ಮಳೆಗಾಲದ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಜೀಪು ಓಡಿಸಿ ರೂಢಿಯಿದೆ. ಹುಗಿದರೆ ರೇಸ್ ಕೊಟ್ಟು ಹೊರಗೆ ತರುತ್ತೇವೆ. ಉಸುಕಿನಲ್ಲೂ ಅದೇ ಉಪಾಯವೇ?
– ನವಲಗುಂದ

ಉತ್ತರ: ತದ್ವಿರುದ್ಧ. ಎರಿಯಲ್ಲಿ ಗಾಲಿ ಗಿರ್ರನೆ ತಿರುಗಿದರೆ ಟೈರಿನ ಸಂದಿಯ ಜಿಗುಟು ಮಣ್ಣು ಸಿಡಿದು, ಕೆಳಗಿನ ಗಟ್ಟಿ ಪದರ ಸಿಗುವ ಆಸೆಯಾದರೂ ಇರುತ್ತದೆ. ದಿಬ್ಬದ ಉಸುಕಿಗೆ ತಳವೇ ಇಲ್ಲ. ನಾಲ್ಕು ಸುತ್ತು ಬರಿದೇ ತಿರುಗಿತೆಂದರೆ ಗಾಡಿ ಹೊಟ್ಟೆಯ ಮೇಲೆ ಕೂತಂತೆ.

ಗಾಡಿ ಮುಂದೆ ಸರಿಯುತ್ತಿಲ್ಲ ಅನ್ನಿಸಿದ ಕ್ಷಣ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಮಾಡಿ. ಓರೆಯಾದ ಮುಂಗಾಲಿ ಕುಂಟೆಯ ಹಾಗೆ ಉಸುಕು ಎಳೆಯುತ್ತದೆ. ಬಂದ ಜಾಡಿನಲ್ಲೇ ಮೆಲ್ಲಗೆ ರಿವರ್ಸ್ ನೋಡಿ, ನಿಮ್ಮದೇ ಗಾಲಿ ತುಳಿದು ಅದು ಗಟ್ಟಿಯಾಗಿರುತ್ತದೆ. ಆಗದಿದ್ದರೆ ಎಲ್ಲರೂ ಇಳಿದು ಸಲಿಕೆ ಹಿಡಿಯಿರಿ: ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಗುಂಡಿನ ಅಡಿಯ ಉಸುಕು ಮೊದಲು, ಆಮೇಲೆ ನಾಲ್ಕೂ ಗಾಲಿಗಳ ಹಿಂದೆ ಇಳಿಜಾರು. ಗಾಳಿ 12ಕ್ಕೆ ಇಳಿಸಿ, ಹಲಗೆಗಳನ್ನು ಗಾಲಿಗೆ ತಾಗಿಸಿಡಿ. ಟ್ರ್ಯಾಕ್ಷನ್ ಕಂಟ್ರೋಲ್ (ಗಾಲಿ ಬರಿದೇ ತಿರುಗದಂತೆ ತಡೆಯುವ ವ್ಯವಸ್ಥೆ) ಬಂದ್ ಮಾಡಿ, ಇಲ್ಲದಿದ್ದರೆ ಬೇಕಾದ ಹೊತ್ತಿಗೇ ಎಂಜಿನ್ನಿನ ಶಕ್ತಿ ಕಡಿತವಾಗುತ್ತದೆ. ಇನ್ನೊಂದು ಗಾಡಿಯಿಂದ ಎಳೆಸುವುದಾದರೆ ಚಾಸಿಯ ಕೊಕ್ಕೆಗೇ ಹಗ್ಗ ಹಾಕಿ, ಟ್ರೇಲರ್ ಕಟ್ಟುವ ಟೋ ಬಾಲ್‌ಗೆ ಅಲ್ಲ. ಅದು ಮುರಿದರೆ ಗುಂಡಿನಂತೆ ಹಾರಿ ಜೀವ ತೆಗೆಯುತ್ತದೆ.

ನಿಲ್ಲಿಸುವಾಗ ಬ್ರೇಕ್ ಒತ್ತದೆ ತಾನಾಗಿ ನಿಲ್ಲಲು ಬಿಡಿ, ಮೂತಿ ಇಳಿಜಾರಿಗಿರಲಿ. ದಿಬ್ಬ ಹತ್ತುವುದೂ ಇಳಿಯುವುದೂ ನೇರ. ಅಡ್ಡ ಹೋದರೆ ಗಾಡಿ ಉರುಳುತ್ತದೆ.

ನಿಮ್ಮ ಎರಿಯ ಅನುಭವ ಫಲ ಕೊಡುವುದು ಕಛ್‌ನ ರಣದಲ್ಲಿ. ಮೇಲೆ ಬೆಳ್ಳನೆಯ ಉಪ್ಪಿನ ಹೆಪ್ಪು, ಕೆಳಗೆ ಕೆಸರು. ಬಣ್ಣ ಕಪ್ಪಾದಲ್ಲಿ ಇಳಿದು ಹಿಮ್ಮಡಿಯಿಂದ ಒತ್ತಿ ನೋಡಿಯೇ ಮುಂದೆ ಹೋಗಿ.

ಪ್ರಶ್ನೆ: ಪಾಕಿಸ್ತಾನದ ಗಡಿಯ ಬಳಿಯ ತನೋಟ್‌ಗೆ ಪರವಾನಗಿ ಬೇಕೇ? ಸಿಗ್ನಲ್ ಇಲ್ಲದ ಕಡೆಗೆ ಸ್ಯಾಟಲೈಟ್ ಫೋನ್ ಒಯ್ಯಬಹುದೇ?
– ಗದಗ

ಉತ್ತರ: ಫೋನ್ ಒಯ್ಯಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ನಮ್ಮ ದೇಶದಲ್ಲಿ ಅಪರಾಧ. ಅದನ್ನು ಒಯ್ಯಿರೆಂಬ ಹೊರದೇಶದ ಸಲಹೆ ಇಲ್ಲಿ ನಡೆಯದು. ಜೈಸಲ್ಮೇರ್‌ನಿಂದ ತನೋಟ್ ಗುಡಿಗೆ ಸುಮಾರು 120 ಕಿ.ಮೀ. ಡಾಂಬರು ರಸ್ತೆಯಿದೆ, ಭಾರತೀಯರಿಗೆ ಅಡ್ಡಿಯಿಲ್ಲ. ಅಲ್ಲಿಂದ ಮುಂದೆ ಗಡಿ ಠಾಣೆಗೆ ಬಿಎಸ್‌ಎಫ್ ಅನುಮತಿ ಬೇಕು. ಸ್ಯಾಮ್, ಖುರಿಯ ಸುತ್ತ ಡೆಸರ್ಟ್ ನ್ಯಾಷನಲ್ ಪಾರ್ಕ್ ಹಬ್ಬಿದೆ. ಹಿಂದೆ ನಮ್ಮ ರಾಣೆಬೆನ್ನೂರಿನ ಕಡೆಯೂ ಕಾಣುತ್ತಿದ್ದ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ನೆಲದ ಮೇಲೆ ಮೊಟ್ಟೆಯಿಡುವ ಜಾಗ ಅದು. ಅಲ್ಲಿ ಜಾಡು ಬಿಟ್ಟು ಗಾಲಿ ಇಳಿಸಬೇಡಿ. ನೀರು ತಲೆಗೆ ದಿನಕ್ಕೆ 5 ಲೀಟರ್, ಒಂದೇ ಕ್ಯಾನಿನಲ್ಲಿ ಬೇಡ. ಒಂದು ಸೋರಿದರೆ ಇನ್ನೊಂದಿರಲಿ.

ಪ್ರಶ್ನೆ: ಫೋರ್-ಹೈ (ನಾಲ್ಕೂ ಗಾಲಿಗೆ ಶಕ್ತಿ) ಹಾಕಿದ್ದನ್ನು ಮರೆತು ಥಾರ್ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸಿದೆ. ತಿರುವಿನಲ್ಲಿ ಕಟಕಟ ಸದ್ದು, ಈಗ ಲಿವರ್ ಟೂ-ಹೈಗೆ (ಎರಡೇ ಗಾಲಿಗೆ ಶಕ್ತಿ) ಬರುತ್ತಿಲ್ಲ.
– ಹಾವೇರಿ

ಉತ್ತರ: ನಿಮ್ಮ ಗಾಡಿಯಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಗೊಡುವ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂಗಾಲಿ ಹೆಚ್ಚು ದೂರ ಉರುಳಬೇಕು. ಉಸುಕಿನಲ್ಲಾದರೆ ಟೈರ್ ಜಾರಿ ಲೆಕ್ಕ ಸರಿಹೋಗುತ್ತದೆ, ಡಾಂಬರು ಜಾರಗೊಡುವುದಿಲ್ಲ. ಆ ತಿರುಚು ಶಾಫ್ಟಿನಲ್ಲಿ ಉಳಿದು ಹಲ್ಲುಗಳು ಬಿಗಿದಿವೆ. ಲಿವರ್ ಜಗ್ಗಾಡಬೇಡಿ. ಗಾಡಿಯನ್ನು ಮಣ್ಣಿಗಿಳಿಸಿ, ಸ್ಟೀರಿಂಗ್ ನೇರವಿಟ್ಟು ಹತ್ತು ಮೀಟರ್ ಹಿಂದಕ್ಕೆ ನಡೆಸುತ್ತ ಲಿವರನ್ನು ಹಗುರಾಗಿ ಎಳೆಯಿರಿ, ಬಿಡುತ್ತದೆ. ಟೂ-ಹೈಗೆ ಬಂದ ಮೇಲೂ ಸದ್ದು ಉಳಿದರೆ ಮೆಕ್ಯಾನಿಕ್‌ಗೆ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ತೋರಿಸಿ.