ಡೌಲು, ಜಂಬ, ಡಾಬು

ಪ್ರಶ್ನೆ: ಜಂಬ, ಬಡಾಯಿ, ಡೌಲು ಮೂರೂ ಒಂದೇನಾ? ನಮ್ಮೂರಲ್ಲಿ ತೆಲುಗು ಮಾತಾಡುವವರು ‘ಡಾಬು’ ಅನ್ನುತ್ತಾರೆ. ಕನ್ನಡದಲ್ಲೂ ಹಾಗೆ ಬರೆಯಬಹುದೆ?
– ಓದುಗರು, ಚಿಂತಾಮಣಿ

ಉತ್ತರ: ಒಂದೇ ಅಲ್ಲ. ಜಂಬ ಮನಸ್ಸಿನದು, ಬಡಾಯಿ ಬಾಯಿಯದು. ಡೌಲಿಗೆ ಮೈಮೇಲೋ ಮನೆಮುಂದೋ ಕಣ್ಣಿಗೆ ಕಾಣುವಂಥದ್ದು ಏನಾದರೂ ಬೇಕು. ‘ಟೊಮೆಟೊಗೆ ರೇಟು ಬಂದಿದ್ದೇ ಬಂದಿದ್ದು, ಬುಲೆಟ್ ತಗೊಂಡು ಡೌಲು ಹೊಡೀತಾವ್ನೆ’ ಅನ್ನುವ ಮಾತಿನಲ್ಲಿ ಬಡಾಯಿ ಹಾಕಿ ನೋಡಿ, ಕೂರುವುದಿಲ್ಲ. ಅವನು ಬಾಯಿಯನ್ನೇ ತೆರೆದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಮುಡಿದರೆ ಅದು ಡೌಲು. ಒಲೆ ಮುಂದಿನ ಉತ್ತರನ ಪೌರುಷ ಬಡಾಯಿ. ಯಾರೊಂದಿಗೂ ಮಾತಾಡದೆ ಮುಖ ತಿರುಗಿಸಿಕೊಂಡು ಹೋಗುವವಳಿಗೆ ಜಂಬ.

ಬರೆಯುವವರು ಎಡವುವುದು ಹೆಚ್ಚಾಗಿ ಕ್ರಿಯಾಪದದಲ್ಲಿ. ಜಂಬ ಪಡುತ್ತಾರೆ, ಕೊಚ್ಚಿಕೊಳ್ಳುತ್ತಾರೆ. ಬಡಾಯಿಯನ್ನೂ ಕೊಚ್ಚುತ್ತಾರೆ, ಆದರೆ ‘ಬಡಾಯಿ ಪಟ್ಟ’ ಎಂದರೆ ಕಿವಿಗೆ ಒಗ್ಗದು. ಡೌಲು ಹೊಡೆಯುತ್ತಾರೆ, ತೋರಿಸುತ್ತಾರೆ, ಕೊಚ್ಚುವುದಿಲ್ಲ.

ಬಡಾಯಿ ಹಿಂದೂಸ್ತಾನಿಯಿಂದ ಬಂದದ್ದು, ಅಲ್ಲಿ ಹಿರಿಮೆ, ಹೊಗಳಿಕೆ ಎಂಬ ಅರ್ಥ. ಮರಾಠಿಯಲ್ಲಿ ‘ಡೌಲದಾರ್’ ಅಂದರೆ ಸೊಗಸಾದ, ಗತ್ತುಳ್ಳ ಎಂಬ ಮೆಚ್ಚುಗೆಯ ಮಾತು. ನಮ್ಮಲ್ಲಿ ಡೌಲು ಬೈಗುಳವಾಗಿ ನಿಂತಿದೆ. ಹಾಗಾಗಿ ಯಾರನ್ನಾದರೂ ಹೊಗಳುವಾಗ ಈ ಪದ ಬೇಡ, ‘ಠೀವಿ’ ಬಳಸಿ.

ಡಾಬಿನ ವಿಷಯದಲ್ಲಿ ಎಚ್ಚರ. ತೆಲುಗಿನಲ್ಲಿ ಅದು ಆಡಂಬರ, ಕನ್ನಡದಲ್ಲಿ ಸೊಂಟದ ಒಡವೆ. ‘ಅವಳ ಡಾಬು ನೋಡು’ ಅಂತ ಬರೆದರೆ ತೆಲುಗು ಬಾರದ ಓದುಗರು ಒಡವೆ ಎಂದೇ ತಿಳಿಯುತ್ತಾರೆ. ಚಿಂತಾಮಣಿ, ಬಾಗೇಪಲ್ಲಿ ಕಡೆಯ ಪಾತ್ರದ ಬಾಯಲ್ಲಿ ಬಂದರೆ ಖಂಡಿತ ಉಳಿಸಿಕೊಳ್ಳಿ, ಚೆಂದದ ಮಾತು ಅದು. ಅಲ್ಲಿ ‘ಡಾಬು ತೋರಿಸ್ತಾಳೆ’ ಅಂದರೆ ಗೊಂದಲವೂ ಕಡಿಮೆ.

ಪ್ರಶ್ನೆ: ಜಂಬ ಸರಿಯೋ, ಜಂಭ ಸರಿಯೋ?
– ಓದುಗರು, ಮಧುಗಿರಿ

ಉತ್ತರ: ಜಂಬ. ಇದು ಸಂಸ್ಕೃತದ ‘ದಂಭ’ದ ತದ್ಭವ, ತದ್ಭವದಲ್ಲಿ ಮಹಾಪ್ರಾಣ ಸಾಮಾನ್ಯವಾಗಿ ಅಲ್ಪಪ್ರಾಣವಾಗುತ್ತದೆ. ‘ಜಂಭ’ ಎಂಬ ಬೇರೆಯೇ ಸಂಸ್ಕೃತ ಪದವಿದೆ: ಹಲ್ಲು, ದವಡೆ ಎಂದು ಅರ್ಥ, ಒಬ್ಬ ಅಸುರನ ಹೆಸರೂ ಹೌದು. ಅವನನ್ನು ಕೊಂದದ್ದರಿಂದಲೇ ಇಂದ್ರ ‘ಜಂಭಾರಿ’. ಮೂಲದ ದಂಭವೂ ಬರಿಯ ಸೊಕ್ಕಲ್ಲ. ಗೀತೆಯ 16ನೇ ಅಧ್ಯಾಯದ ‘ದಂಭೋ ದರ್ಪಃ’ ಎಂಬಲ್ಲಿ ಶಂಕರಾಚಾರ್ಯರು ಅದಕ್ಕೆ ‘ಧರ್ಮಧ್ವಜಿತ್ವ’ ಎಂದು ಅರ್ಥ ಹೇಳುತ್ತಾರೆ, ಅಂದರೆ ಧರ್ಮವನ್ನು ಬಾವುಟದಂತೆ ಎತ್ತಿ ತೋರಿಸುವುದು. ಆ ಅರ್ಥ ಬೇಕಾದಾಗ ದಂಭ ಎಂದೇ ಬರೆಯಿರಿ, ಜಂಬಕ್ಕೆ ಅದು ಈಗ ಉಳಿದಿಲ್ಲ.