ಹುಣಸೆ ಬೀಜದ ಮೇಷ್ಟ್ರಿಗೆ

ಚಿತ್ರದುರ್ಗದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೀಗೆ ಬರೆದಿದ್ದಾರೆ: "ಮಕ್ಕಳನ್ನು ಅವರ ಪಾಡಿಗೆ ಬಿಡಿ, ನಿಸರ್ಗವೇ ಕಲಿಸುತ್ತೆ ಅಂತ ಹೋದ ತಿಂಗಳು ಲೇಖನ ಹಾಕಿದ್ದೀರಿ. ಇದನ್ನು ಹೇಳಿದ 18ನೇ ಶತಮಾನದ ಯುರೋಪಿನ ಚಿಂತಕ ರೂಸೋ ತನ್ನ ಐದೂ ಮಕ್ಕಳನ್ನು ಅನಾಥಾಲಯಕ್ಕೆ ಬಿಟ್ಟವನು. ನಾನು 34 ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದ್ದೇನೆ. ಹುಣಸೆ ಬೀಜ ಇಟ್ಟು ಲೆಕ್ಕ ಕಲಿಸಿದ್ದೇನೆ, ಮಗ್ಗಿ ಬಾಯಿಪಾಠ ಮಾಡಿಸಿದ್ದೇನೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಿಸರ್ಗ, ಭಾವನೆ ಅಂತ ಹೇಳೋ ಈ ರೊಮ್ಯಾಂಟಿಕ್ ಜನರ ಮಾತು ಕಟ್ಟಿಕೊಂಡು ಶಾಲೆ ನಡೆಸೋಕಾಗುತ್ತಾ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ. ರೂಸೋನ ಮಕ್ಕಳ ವಿಷಯ ನಿಜ, ಅದಕ್ಕೆ ಸಮಜಾಯಿಷಿ ಕೊಡೋಕೆ ನಾನು ಹೋಗಲ್ಲ. 1762ರಲ್ಲಿ ಅವನ 'ಎಮಿಲ್' ಬಂತು, ಎಮಿಲ್ ಅನ್ನೋ ಹುಡುಗನನ್ನು ಬೆಳೆಸೋದರ ಬಗ್ಗೆ ಬರೆದ ಪುಸ್ತಕ. ಅದರಲ್ಲಿ ಒಂದು ಕಡೆ ಹುಡುಗ ತನ್ನ ಕೋಣೆಯ ಕಿಟಕಿ ಗಾಜು ಒಡೆಯುತ್ತಾನೆ. ಬೈಬೇಡಿ, ಹೊಸ ಗಾಜು ಹಾಕಿಸೋಕೂ ಓಡಬೇಡಿ, ಹಗಲೂ ರಾತ್ರಿ ಗಾಳಿ ಬೀಸಲಿ, ನೆಗಡಿಯಾದರೆ ಆಗಲಿ ಅನ್ನುತ್ತಾನೆ ರೂಸೋ. ಓದೋಕೆ ಚೆನ್ನಾಗಿದೆ. ಆದರೆ ಅಲ್ಲಿರೋದು ಒಬ್ಬ ಹುಡುಗ, ಅವನೊಬ್ಬನಿಗೇ ಅಂತ ಒಬ್ಬ ಗುರು, ಅದೂ ಹುಟ್ಟಿನಿಂದ ಮದುವೆಯವರೆಗೆ! ನಲವತ್ತು ಮಕ್ಕಳ ಕ್ಲಾಸಲ್ಲಿ ಗಾಜು ಒಡೆದರೆ ಏನು ಮಾಡಬೇಕು ಅಂತ ಅವನು ಯೋಚಿಸಿಯೇ ಇಲ್ಲ. ಇನ್ನು ಹುಡುಗಿ ಕಲಿಯಬೇಕಾದ್ದು ಗಂಡನನ್ನು ಮೆಚ್ಚಿಸೋದನ್ನು ಮಾತ್ರ ಎಂಬಂತೆ ಬರೆದ. ಅದಕ್ಕೆ 1792ರಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಬರೆದ ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ ಅವನನ್ನು ಚೆನ್ನಾಗಿಯೇ ತರಾಟೆಗೆ ತೆಗೆದುಕೊಂಡಳು.

ಆದರೆ ಮೇಷ್ಟ್ರೇ, ಕಥೆ ರೂಸೋ ಹತ್ತಿರ ಮುಗಿಯಲ್ಲ. ನನಗೆ ಅವನಿಗಿಂತ ಜಾಸ್ತಿ ಹತ್ತಿರದವನು ಸ್ವಿಟ್ಜರ್ಲೆಂಡಿನ ಶಿಕ್ಷಣತಜ್ಞ ಪೆಸ್ಟಲೋಟ್ಸಿ. ಈ ಮನುಷ್ಯ ರೂಸೋನನ್ನು ಎಷ್ಟು ನಂಬಿದ್ದ ಅಂದರೆ 1770ರಲ್ಲಿ ಹುಟ್ಟಿದ ಮಗನಿಗೆ ಅವನದೇ ಹೆಸರಿಟ್ಟ, ಪುಸ್ತಕದಲ್ಲಿ ಇದ್ದ ಹಾಗೇ ಬೆಳೆಸೋಕೆ ಹೊರಟ. ಮಗುವಿಗೆ ಮೂರು ವರ್ಷ ದಾಟಿದ್ದಾಗ ದಿನಚರಿ ಬರೆದ. ಒಂದು ದಿನ ಹಳ್ಳದ ಹತ್ತಿರ ಕರೆದುಕೊಂಡು ಹೋಗಿ, ನೀರಿನ ಜೊತೆಗೇ ಇಳಿಜಾರಿನಲ್ಲಿ ನಡೆಸಿದ. ನೀರು ಕೆಳಗೇ ಹರಿಯೋದು ಅಂತ ಹುಡುಗ ಕಣ್ಣಾರೆ ನೋಡಿ ಹಿಗ್ಗಿದ. ಇದು ಒಂದು ಪುಟ. ಬೇರೆ ಪುಟಗಳಲ್ಲಿ ಅಪ್ಪ ಪಾಠಕ್ಕೆ ಕೂರಿಸ್ತಾನೆ, ಮಗ ಹಟ ಮಾಡ್ತಾನೆ, ಎಷ್ಟು ಬಿಡಬೇಕು ಎಷ್ಟು ಹಿಡಿಯಬೇಕು ಅಂತ ಅಪ್ಪನಿಗೇ ಗೊತ್ತಾಗಲ್ಲ. ಹನ್ನೊಂದು ದಾಟಿದರೂ ಆ ಹುಡುಗನಿಗೆ ಓದು ಬರಹ ಬರಲಿಲ್ಲ. ನಿಮ್ಮ ಪತ್ರಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ?

ಸೋತ ಮೇಲೆ ಪೆಸ್ಟಲೋಟ್ಸಿ ಸುಮ್ನೆ ಕೂರಲಿಲ್ಲ. 1798ರಲ್ಲಿ ಫ್ರೆಂಚ್ ಸೈನ್ಯ ಸ್ವಿಟ್ಜರ್ಲೆಂಡಿನ ಸ್ಟಾನ್ಸ್ ಕಡೆಯ ಊರುಗಳನ್ನು ಸುಟ್ಟು ಹಾಳು ಮಾಡಿತ್ತು. ಅಲ್ಲಿನ ತಬ್ಬಲಿ ಮಕ್ಕಳನ್ನು ಸೇರಿಸಿಕೊಂಡು ಅವರ ಜೊತೆಗೇ ಉಂಡು, ಅವರ ಜೊತೆಗೇ ಮಲಗಿದ. ಕೆಲವೇ ತಿಂಗಳು ನಡೆಯಿತು, ಆಮೇಲೆ ಆ ಕಟ್ಟಡ ಸೈನಿಕರ ಆಸ್ಪತ್ರೆಗೆ ಬೇಕಾಯಿತು. ಅವನು ಕಂಡುಕೊಂಡಿದ್ದು ಇಷ್ಟೇ: ಮೊದಲು ವಸ್ತು ಕೈಗೆ ಬರಬೇಕು, ಅಂಕಿ ಅಕ್ಷರ ಆಮೇಲೆ. ಲೆಕ್ಕಕ್ಕೆ ಬಟಾಣಿ, ಕಲ್ಲು, ಕಡ್ಡಿ.

ನಿಮ್ಮ ಹುಣಸೆ ಬೀಜ ನೆನಪಾಯ್ತಾ ಮೇಷ್ಟ್ರೇ?

ಪೆಸ್ಟಲೋಟ್ಸಿ ಆಮೇಲೆ ನಡೆಸಿದ ಶಾಲೆಯಲ್ಲಿ ಎರಡು ವರ್ಷ ಇದ್ದು ಹೋದವನು ಫ್ರೋಬೆಲ್. ಜರ್ಮನಿಯ ಹಳ್ಳಿ ಪಾದ್ರಿಯ ಮಗ, ಒಂದು ವರ್ಷ ತುಂಬೋ ಮೊದಲೇ ತಾಯಿ ತೀರಿಕೊಂಡಿದ್ದಳು. ಇವನು ಅಪ್ಪಟ ರೊಮ್ಯಾಂಟಿಕ್: ಕಲ್ಲಿನ ಹರಳಲ್ಲೂ ಮಗುವಿನಲ್ಲೂ ಒಂದೇ ನಿಯಮ ಕೆಲಸ ಮಾಡುತ್ತೆ ಅಂತ ನಂಬಿದ್ದ. ಸ್ವಲ್ಪ ಅತಿ ಅನಿಸುತ್ತೆ, ಅಲ್ವಾ? ಆದರೆ ಅವನು ಮಾಡಿಸಿದ ಆಟಿಕೆ ನೋಡಿ. ಮರದ ಒಂದು ಘನಾಕೃತಿ, ಒಂದು ಮುಖದ ನಡುವಿಗೆ ದಾರ. ದಾರ ಹುರಿ ಹಾಕಿ ಬಿಟ್ಟರೆ ಘನ ಗಿರಗಿರ ತಿರುಗುತ್ತೆ, ಮೂಲೆಗಳೆಲ್ಲ ಮಾಯವಾಗಿ ಕಣ್ಣೆದುರೇ ಉರುಳೆಯಾಗುತ್ತೆ, ನಿಂತರೆ ಮತ್ತೆ ಘನ. ನಾನು ರಟ್ಟಿನ ಡಬ್ಬಿಯಲ್ಲಿ ಮಾಡಿ ನೋಡಿದೆ, ಪಕ್ಕದ ಮನೆಯ ಐದು ವರ್ಷದ ಹುಡುಗಿ ಅದನ್ನು ಅರ್ಧ ಗಂಟೆ ಬಿಡಲಿಲ್ಲ.

ಆ ಹುಡುಗಿ ಯುಕೆಜಿ. ಕೆಜಿ ಅಂದರೆ ಕಿಂಡರ್‌ಗಾರ್ಟನ್, 1840ರಲ್ಲಿ ಫ್ರೋಬೆಲ್ ಇಟ್ಟ ಹೆಸರು, ಮಕ್ಕಳ ತೋಟ ಅಂತ. ಹೆಸರಿಗಷ್ಟೇ ಅಲ್ಲ, ನಿಜವಾಗಿಯೂ ಒಂದೊಂದು ಮಗುವಿಗೂ ಒಂದೊಂದು ಪಾತಿ ಇರಬೇಕು ಅಂದಿದ್ದ. 1851ರಲ್ಲಿ ಆಗಿನ ಜರ್ಮನ್ ರಾಜ್ಯ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು, 1860ರವರೆಗೆ! ನಾವು ನಿಷೇಧ ಹಾಕಲಿಲ್ಲ, ಹೆಸರು ಇಟ್ಟುಕೊಂಡು ತೋಟ ಕಿತ್ತೆವು. ಆ ಹುಡುಗಿಗೆ ದಿನಾ ಮೂರು ಪುಟ ಕಾಪಿ ಬರೆಯೋ ಹೋಮ್‌ವರ್ಕ್ ಇದೆ.

ಗಾದೆ ಬಗ್ಗೆ ಒಂದು ತಕರಾರು. ಗಿಡವನ್ನು ಬಗ್ಗಿಸಬೇಕು ಅಂದಿರಿ, ಸರಿ. ಯಾವ ಗಿಡ, ಯಾವ ಕಡೆಗೆ ಬೆಳಕು ಹುಡುಕ್ತಿದೆ ಅಂತ ನೋಡದೆ ಬಗ್ಗಿಸೋದು ಹೇಗೆ? ಹೋದ ತಿಂಗಳ ಲೇಖನ 'ಬಿಡಿ' ಅಂದಿದ್ದು ತಪ್ಪು, 'ನೋಡಿ' ಅನ್ನಬೇಕಿತ್ತು. ಆ ತಪ್ಪು ನನ್ನದು, ತಿದ್ದದೇ ಹಾಕಿದೆ. ಮಗ್ಗಿ ವಿಷಯದಲ್ಲಿ ನಾನು ನಿಮ್ಮ ಪಕ್ಷ. ನನಗೂ ಇಪ್ಪತ್ತರ ಮಗ್ಗಿವರೆಗೆ ಬಾಯಿಪಾಠ ಮಾಡಿಸಿದ್ದರು, ತರಕಾರಿ ಅಂಗಡಿಯಲ್ಲಿ ಇವತ್ತಿಗೂ ಉಪಯೋಗಕ್ಕೆ ಬರುತ್ತೆ. ಯುಕೆಜಿ ಮಗುವಿಗೆ ದಿನಾ ಕಾಪಿ ಬರೆಸೋದನ್ನು ಮಾತ್ರ ಒಪ್ಪಲ್ಲ.

ಒಂದು ಕೇಳೋದಿದೆ. ಬೀಜದ ಲೆಕ್ಕ ಹತ್ತು ದಾಟಿದ ಮೇಲೆ ಏನು ಮಾಡ್ತಿದ್ರಿ? ಹತ್ತರ ಗುಂಪು ಕಟ್ಟಿಸ್ತಿದ್ರಾ, ಇಲ್ಲ ನೇರ ಮಗ್ಗಿಗೆ ಹೋಗ್ತಿದ್ರಾ? ಎರಡು ಪುಟ ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರ್ತೀನಿ.