ಕ್ಯಾಸಿನೊ ಪೋಕರ್ ಮೇಜಿನಲ್ಲಿ ಒಬ್ಬ ಆಟಗಾರ ಬದಲಾದರೆ ಆಟದ ಸ್ವರೂಪವೇ ಬದಲಾಗುವುದೇಕೆ?

ಲಾಸ್ ವೇಗಸ್‌ನ ಕ್ಯಾಸಿನೊಗಳಲ್ಲಿ ಹೆಚ್ಚಾಗಿ ಕಾಣುವ ನೋ ಲಿಮಿಟ್ ಹೋಲ್ಡೆಮ್ (ಪಣಕ್ಕೆ ಗರಿಷ್ಠ ಮಿತಿಯಿಲ್ಲದ ಪೋಕರ್) ಆಟವನ್ನೇ ತೆಗೆದುಕೊಳ್ಳೋಣ. ಸರದಿಯು ಎಡಕ್ಕೆ ಸಾಗುವುದರಿಂದ, ಪದೇ ಪದೇ ಪಣ ಏರಿಸುವ ಆಟಗಾರನು ನಮ್ಮ ಬಲಗಡೆ ಕುಳಿತಿದ್ದರೆ ಬಹುಪಾಲು ಆಟಗಳಲ್ಲಿ ಅವನ ನಡೆಯನ್ನು ಕಂಡ ಮೇಲೆಯೇ ನಾವು ನಿರ್ಧರಿಸಬಹುದು. ಅಂಥವನು ಎಡಗಡೆಗೆ ಬಂದರೆ, ಸಾಧಾರಣ ಎಲೆಗಳನ್ನು ಹಿಡಿದು ಅಗ್ಗವಾಗಿ ಮುಂದುವರಿಯುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಹಲವರು ಗಮನಿಸದ ಇನ್ನೊಂದು ಕಾರಣವೆಂದರೆ ಸ್ಟ್ರಾಡಲ್, ಅಂದರೆ ಎಲೆ ಹಂಚುವ ಮೊದಲೇ ಆಟಗಾರನು ತಾನಾಗಿಯೇ ಇಡುವ ಹೆಚ್ಚಿನ ಪಣ. 1-2 ಡಾಲರ್ ಮೇಜಿನಲ್ಲಿ ಪ್ರತಿ ಆಟಕ್ಕೂ ಇಬ್ಬರು 1 ಮತ್ತು 2 ಡಾಲರ್‌ಗಳ ಕಡ್ಡಾಯ ಪಣ ಇಡಬೇಕು; ಇವುಗಳಲ್ಲಿ ದೊಡ್ಡದೇ ಬಿಗ್ ಬ್ಲೈಂಡ್. ಅಲ್ಲಿ 200 ಡಾಲರ್ ಇಟ್ಟುಕೊಂಡವನ ಬಳಿ 100 ಬಿಗ್ ಬ್ಲೈಂಡ್‌ಗಳಷ್ಟು ಹಣವಿರುತ್ತದೆ. ಹೊಸಬನೊಬ್ಬನು ಉತ್ಸಾಹದಿಂದ ಎಲೆ ಹಂಚುವ ಮೊದಲೇ 4 ಡಾಲರ್ ಮುಂದಿಟ್ಟು, ಉಳಿದವರೂ ತಮ್ಮ ಸರದಿಯಲ್ಲಿ ಹಾಗೆಯೇ ಮಾಡತೊಡಗಿದರೆ, ಯಾರ ಚಿಪ್ಪುಗಳೂ ಕರಗದಿದ್ದರೂ ಬಿಗ್ ಬ್ಲೈಂಡ್ 4 ಡಾಲರ್ ಆದಂತಾಗಿ ಆ 100 ಎಂಬುದು 50ಕ್ಕೆ ಇಳಿದಂತಾಗುತ್ತದೆ ಮತ್ತು ಮೊದಲ ಸುತ್ತಿನ ಸಣ್ಣ ತಪ್ಪೂ ದುಬಾರಿಯಾಗುತ್ತದೆ.

ಸೋತರೂ ನಗುತ್ತ ಹರಟುವವನು ಎದ್ದುಹೋದಾಗ ಆಗುವುದು ಇದಕ್ಕೆ ತದ್ವಿರುದ್ಧ: ನುರಿತವರು ಮೌನವಾಗಿ ಎಲೆ ಮಡಿಸುತ್ತ (ಆ ಆಟವನ್ನು ಬಿಟ್ಟುಕೊಡುತ್ತ) ಕುಳಿತುಬಿಡುತ್ತಾರೆ. ನನ್ನ ಅಭಿಪ್ರಾಯದಲ್ಲಿ, ಆಗ ಸಂಕೋಚವಿಲ್ಲದೆ ಡೀಲರ್‌ನ ಬಳಿ ಆಸನ ಬದಲಾವಣೆಯನ್ನೋ ಮೇಲ್ವಿಚಾರಕರ ಬಳಿ ಬೇರೆ ಮೇಜನ್ನೋ ಕೇಳುವುದು ಲೇಸು.